ಶಿಶಿಕ್ಷು

ಕೆಲವು ಮಾತುಗಳು ಪತ್ರಿಕೆಯ ಪ್ರಕಟಣೆಗಳಲ್ಲಿ ಮಾತ್ರ ಬದುಕಿರುತ್ತವೆ. ಅವನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ, ಬೀದಿಯಲ್ಲಿ ಯಾರೂ ಕೂಗುವುದಿಲ್ಲ, ಕಾವ್ಯದಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ. ‘ಶಿಶಿಕ್ಷು’ ಅಂಥದೊಂದು ಮಾತು. ‘ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನ’ ಎಂಬ ತಲೆಬರಹವನ್ನು ನೀವು ಕಂಡಿರಲೇಬೇಕು. ಕಂಡು, ಇದು ಎಳೆಯ ಮಕ್ಕಳಿಗೆ ಬರುವ ಯಾವುದೋ ಕಾಯಿಲೆಯ ವಿಷಯವಿರಬೇಕೆಂದು ಪುಟ ತಿರುವಿದ್ದರೂ ತಪ್ಪೇನಿಲ್ಲ. ಅದರ ಅರ್ಥ ಇಷ್ಟೆ: ಅಪ್ರೆಂಟಿಸ್. ಕಸಬು ಕಲಿಯಲು ಕಾರ್ಖಾನೆಗೆ ಸೇರಿದವನು, ಅಥವಾ ಸೇರಿದವಳು.

ಸಂಸ್ಕೃತದಲ್ಲಿ ಬಯಕೆಯನ್ನು ಸೂಚಿಸುವ ಪದಗಳದೇ ಒಂದು ಕುಟುಂಬವುಂಟು. ಬಿಡುಗಡೆಯನ್ನು ಬಯಸುವವನು ಮುಮುಕ್ಷು, ತಿಳಿಯಬಯಸುವವನು ಜಿಜ್ಞಾಸು, ನೀರು ಬಯಸುವವನು ಪಿಪಾಸು, ಊಟ ಬಯಸುವವನು ಬುಭುಕ್ಷು. ‘ಶಿಕ್ಷ್’ ಎಂಬ ಧಾತುವೇ ‘ಶಕ್’ ಎಂಬುದರ ಬಯಕೆಯ ರೂಪವೆಂದು, ಅಂದರೆ ಶಕ್ತನಾಗಬೇಕೆಂಬ ಹಂಬಲವೇ ಶಿಕ್ಷಣವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆಗಲೇ ಹಂಬಲ ತುಂಬಿಕೊಂಡಿದ್ದ ಮಾತಿಗೆ ನಮ್ಮ ಕಚೇರಿಗಳ ಪಂಡಿತರು ಇನ್ನೊಂದು ‘ಶಿ’ಯನ್ನು ಸೇರಿಸಿ ಹಂಬಲದ ಹಂಬಲವನ್ನಾಗಿ ಮಾಡಿದ್ದಾರೆ. ವೈಯಾಕರಣರು ಇದನ್ನು ಒಪ್ಪುತ್ತಾರೋ ಬಿಡುತ್ತಾರೋ, ಆ ಜಗಳ ಇಲ್ಲಿ ಬೇಡ. ತರಗತಿಯ ಕೊನೆಯ ಬೆಂಚುಗಳನ್ನು ಇಪ್ಪತ್ತು ವರ್ಷ ನೋಡಿದ ನನಗಂತೂ, ಕಲಿಯಬೇಕೆಂಬ ಆಸೆ ಹುಟ್ಟಲಿ ಎಂದು ಆಸೆಪಡುವ ಸ್ಥಿತಿಯೂ ಲೋಕದಲ್ಲಿ ಉಂಟು, ಅದಕ್ಕೊಂದು ಹೆಸರಿರುವುದು ಒಳ್ಳೆಯದೇ ಎನ್ನಿಸುತ್ತದೆ.

ಈ ಮಾತು ನನ್ನ ಬದುಕಿನೊಳಕ್ಕೆ ಬಂದದ್ದು ನನ್ನ ಸೋದರಮಾವನ ದೆಸೆಯಿಂದ. ಮಾವನ ಮನೆ ಹಲಸೂರಿನಲ್ಲಿ, ಸೋಮೇಶ್ವರನ ಗುಡಿಗೆ ಹತ್ತಿರದ ಒಂದು ಗಲ್ಲಿಯಲ್ಲಿ. ಅವರ ಕಾರ್ಖಾನೆ ಕೃಷ್ಣರಾಜಪುರದ ಆಚೆ. ಕಾರ್ಖಾನೆ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ತಗಡಿನ ಮಾಡಿನ ಕೆಳಗೆ ಲೇತುಗಳು, ಮಿಲ್ಲಿಂಗ್ ಯಂತ್ರಗಳು, ಎರಡು ಕಂಪ್ಯೂಟರ್ ಹೇಳಿದಂತೆ ಕೇಳುವ ಯಂತ್ರಗಳು, ಒಂದು ನಾಯಿ. ದೊಡ್ಡ ಕಂಪನಿಗಳಿಗೆ ಬೇಕಾದ ಸಣ್ಣ ಬಿಡಿಭಾಗಗಳು ಅಲ್ಲಿ ತಯಾರಾಗುತ್ತವೆ. 2022ರಲ್ಲಿ ಅವರ ಆಡಿಟರು ಲೆಕ್ಕ ನೋಡುತ್ತ, ‘ಸ್ವಾಮಿ, ಗುತ್ತಿಗೆಯವರೂ ಸೇರಿ ನಿಮ್ಮಲ್ಲಿ ಮೂವತ್ತಮೂರು ಜನ ಆದರು. ನೀವಿನ್ನು ಅಪ್ರೆಂಟಿಸ್ ಕಾಯಿದೆಯ ಕೆಳಗೆ ಬರುತ್ತೀರಿ. ಹೆಸರು ನೋಂದಾಯಿಸಿಕೊಳ್ಳಿ’ ಎಂದರು. ಮಾವ ನನಗೆ ಹೇಳಿಕಳಿಸಿದರು. ಎಂ.ಎ. ಮಾಡಿದವನಿಗೆ ಯಾವ ಫಾರಂ ಆದರೂ ಬರುತ್ತದೆ ಎಂಬ ನಂಬಿಕೆ ನಮ್ಮ ಬಂಧುವರ್ಗದಲ್ಲಿ ಇನ್ನೂ ಅಳಿದಿಲ್ಲ.

ಕಾಯಿದೆಯ ಸಾರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1961ರಲ್ಲಿ ಪಾರ್ಲಿಮೆಂಟು ಮಾಡಿ 1962ರ ಮಾರ್ಚಿಯಲ್ಲಿ ಜಾರಿಗೆ ಬಂದ ಕಾನೂನು ಇದು. ಅದಕ್ಕೂ ಹಿಂದೆ, ಕಂಪನಿ ಸರಕಾರದ ಕಾಲದಲ್ಲಿ, 1850ರಲ್ಲಿಯೇ ಒಂದು ಅಪ್ರೆಂಟಿಸ್ ಕಾಯಿದೆ ಇತ್ತು. ಅನಾಥ ಮಕ್ಕಳನ್ನೂ ಬಡ ಮಕ್ಕಳನ್ನೂ ಯಾವುದಾದರೊಂದು ಕಸಬಿಗೆ ಕಟ್ಟುವುದಕ್ಕಾಗಿ ಮಾಡಿದ್ದು. 1961ರದು ಬೇರೆಯ ದೃಷ್ಟಿಯದು: ಕಾರ್ಖಾನೆ ನಡೆಸುವವನು ಸಾಮಾನನ್ನಷ್ಟೇ ತಯಾರಿಸಿದರೆ ಸಾಲದು, ಕೆಲಸ ಬಲ್ಲ ಕೈಗಳನ್ನೂ ತಯಾರಿಸಬೇಕು. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಮೂವತ್ತಕ್ಕೆ ಮೇಲ್ಪಟ್ಟು ಜನರಿರುವ ಸಂಸ್ಥೆ ನೂರಕ್ಕೆ ಎರಡೂವರೆಯಿಂದ ಹದಿನೈದರ ತನಕ ಶಿಶಿಕ್ಷುಗಳನ್ನು ಇಟ್ಟುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ಕಡೆ ಅದು ಅವರವರ ಇಷ್ಟ.

ಮೂವತ್ತಮೂರರಲ್ಲಿ ನೂರಕ್ಕೆ ಎರಡೂವರೆ ಎಷ್ಟಾಯಿತು? 0.825. ಮಾವ ಈ ಅಂಕಿಯನ್ನು ಬಹಳ ಹೊತ್ತು ನೋಡಿದರು. ‘ಒಬ್ಬ ಪೂರ್ತಿ ಮನುಷ್ಯನೂ ಅಲ್ಲವಲ್ಲೋ! ಬೆರಳು ಕಳಕೊಂಡವನನ್ನ ತರಬೇಕೇನು?’ ಎಂದರು. ಒಬ್ಬನೆಂದು ಎಣಿಸಿಕೊಂಡು ಮುಂದಕ್ಕೆ ಹೋದೆವು.

ನೋಂದಣಿಯ ಕೆಲಸ ಒಂದು ಭಾನುವಾರವನ್ನು ಪೂರ್ತಿಯಾಗಿ ನುಂಗಿತು. ಹಿಂದೆ ಸರಕಾರಕ್ಕೂ ನಮಗೂ ನಡುವೆ ಒಬ್ಬ ಗುಮಾಸ್ತನಿದ್ದ. ಅವನಿಗೆ ಕೈಮುಗಿಯಬಹುದಿತ್ತು, ಕಾಫಿ ಕೊಡಿಸಬಹುದಿತ್ತು, ಮನಸ್ಸಿನಲ್ಲೇ ಬಯ್ಯಬಹುದಿತ್ತು. ಈಗ ಅಲ್ಲಿ ಒಂದು ತೆರೆ ಇದೆ. ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಹೆಸರು, ಭವಿಷ್ಯನಿಧಿಯ ಸಂಖ್ಯೆ, ಬ್ಯಾಂಕಿನ ಖಾತೆ, ಕಾಯಮ್ಮಿನವರು ಎಷ್ಟು, ಗುತ್ತಿಗೆಯವರು ಎಷ್ಟು ಎಂದು ಅದು ಕೇಳುತ್ತ ಹೋಗುತ್ತದೆ. ಕೇಳಿದ್ದಕ್ಕೆ ಹೇಳಿದ ಮೇಲೆ ಓಟಿಪಿ ಎಂಬ ಗುಪ್ತಸಂಖ್ಯೆಯನ್ನು ಕಳಿಸುತ್ತದೆ. ಅದು ಬಂದದ್ದು ಮಾವನ ಫೋನಿಗೆ. ಫೋನು ಇದ್ದದ್ದು ಅಡಿಗೆಮನೆಯಲ್ಲಿ. ಅತ್ತೆ ಅದರಲ್ಲಿ ಯಾರದೋ ಹುಳಿಯ ವಿಧಾನವನ್ನು ನೋಡುತ್ತಿದ್ದರು. ಅವರು ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ‘ನಾಲ್ಕು, ಏಳು, ಏಳು...’ ಎಂದು ಕೂಗುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತಿತ್ತು. ಮೂರನೆಯ ಸಲ ಒಲೆ ಆರಿಸಿ ಸಿದ್ಧರಾಗಿ ನಿಂತರು. ದಾಟಿದೆವು.

‘ಫೈಲು ಮುಗಿಯಿತೇನೋ?’ ಎಂದು ಮಾವ ಕೇಳಿದರು. ನಕ್ಕರು ಕೂಡ. ನಗುವಿಗೆ ಕಾರಣವಿತ್ತು. ನಮ್ಮ ಕಚೇರಿಯಲ್ಲಿ ಫೈಲು ಎಂದರೆ ಕಡತ. ಅವರ ಲೋಕದಲ್ಲಿ ಫೈಲು ಎಂದರೆ ಅರ. ಸುಮಾರು ನಲವತ್ತು ವರ್ಷದ ಹಿಂದೆ ಮಾವನೂ ಪೂರ್ವದ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದವರು. ಸೇರಿದ ಹುಡುಗನ ಕೈಗೆ ಒಂದು ಕಬ್ಬಿಣದ ತುಂಡನ್ನೂ ಒಂದು ಅರವನ್ನೂ ಕೊಟ್ಟು, ‘ಆರು ಮೈಯನ್ನೂ ಸಮ ಮಾಡು’ ಎಂದು ಹೇಳಿ ಬೋಧಕರು ಹೊರಟುಹೋಗುತ್ತಿದ್ದರಂತೆ. ತಿಂಗಳುಗಟ್ಟಲೆ ಅದೇ ಕೆಲಸ. ಮೂಲೆಮಟ್ಟವನ್ನು ಕಬ್ಬಿಣದ ಮೇಲೆ ನಿಲ್ಲಿಸಿ ಕಿಟಕಿಯ ಕಡೆ ಹಿಡಿದು ನೋಡಬೇಕು. ನಡುವೆ ಬೆಳಕಿನ ಒಂದು ಎಳೆ ಕಂಡರೂ ಮತ್ತೆ ಅರಕ್ಕೆ ಶರಣು. ಲೋಕದಲ್ಲಿ ಎಲ್ಲರೂ ಬೆಳಕು ಕಾಣಲೆಂದು ವಿದ್ಯೆಗೆ ಹೋದರೆ, ಬೆಳಕು ಕಾಣದಿರಲೆಂದು ತಪಸ್ಸು ಮಾಡುವವರು ಫಿಟ್ಟರುಗಳು. ಕಲಿಯುವವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎಂಬ ಗಾದೆಯನ್ನು ಕಟ್ಟಿದವನ ಅಂಗೈಯಲ್ಲಿ ಇಂಥದೇ ಬೊಕ್ಕೆಗಳು ಇದ್ದಿರಬೇಕು.

ನಮ್ಮ ಊರಿನ ಪೂರ್ವಭಾಗವೆಲ್ಲ ಒಂದು ಕಾಲಕ್ಕೆ ಹೀಗೆ ಕೈಗಳ ಪಾಠಶಾಲೆಯೇ ಆಗಿತ್ತು. 1809ರಲ್ಲಿ ದಂಡು ಬಂದು ಇಳಿದ ಮೇಲೆ ಅದರ ಹಿಂದೆಯೇ ದರ್ಜಿಗಳು, ಬಡಗಿಗಳು, ಲಾಳ ಕಟ್ಟುವವರು ಬಂದರು. 1940ರಲ್ಲಿ ವಿಮಾನದ ಕಾರ್ಖಾನೆ. 1948ರಲ್ಲಿ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ. 1956ರಲ್ಲಿ ಹುಟ್ಟಿ ಜರ್ಮನರ ಸಹಯೋಗದಿಂದ ಬೆಳೆದು 2002ರಲ್ಲಿ ಬಾಗಿಲು ಮುಚ್ಚಿದ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್.; 1964ರಲ್ಲಿ ಭೂಮಿ ಅಗೆಯುವ ಯಂತ್ರಗಳ ಬಿ.ಇ.ಎಂ.ಎಲ್. ಇವುಗಳಲ್ಲಿ ಕೆಲಸ ಕಲಿತವರೇ ಹೊರಬಂದು ಕೆ.ಆರ್. ಪುರದ ತನಕ ಸಣ್ಣ ಸಣ್ಣ ಶೆಡ್ಡುಗಳನ್ನು ಹಾಕಿದರು. ಆ ಕಡೆ ಇವತ್ತಿಗೂ ‘ಐ.ಟಿ.ಐ.’ ಎಂದರೆ ಎರಡರ್ಥ: ಒಂದು ಕಸಬು ಕಲಿಸುವ ಶಾಲೆ, ಇನ್ನೊಂದು ಟೆಲಿಫೋನ್ ಕಾರ್ಖಾನೆ. ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಸೇರುವುದು ಒಂದು ತಲೆಮಾರಿನ ಜನರಿಗೆ ಮದುವೆಯಷ್ಟೇ ನಿಶ್ಚಯವಾದ ಸಂಗತಿಯಾಗಿತ್ತು.

ಇದು ಕಾಗದದ ಮೇಲಿನ ಪಾಠಶಾಲೆ. ಕಾಗದವಿಲ್ಲದ್ದು ಶಿವಾಜಿನಗರದಲ್ಲಿತ್ತು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಹಿಂದುಮುಂದಿನ ಗಲ್ಲಿಗಳಲ್ಲಿ ಗುಜರಿ ಅಂಗಡಿಗಳ ನಡುವೆ ಗಾಡಿ ರಿಪೇರಿಯ ಉಸ್ತಾದರು ಕುಳಿತಿರುತ್ತಿದ್ದರು. ಮಾವನ ಕಾರ್ಖಾನೆಯ ಮೇಸ್ತ್ರಿ ಅಂಥ ಒಬ್ಬ ಉಸ್ತಾದರ ಕೈಯಲ್ಲಿ ಪಳಗಿದವನು. ಸೇರಿದಾಗ ಅವನಿಗೆ ಒಂಬತ್ತು ವರ್ಷವಂತೆ. ಮೊದಲ ವರ್ಷ ಚಹಾ ತರುವುದು, ಎರಡನೆಯ ವರ್ಷ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವುದು. ಹದಿನಾಲ್ಕರ ಸ್ಪ್ಯಾನರು ಕೇಳಿದಾಗ ಹದಿನೈದರದನ್ನು ಕೊಟ್ಟರೆ ಅದೇ ಸ್ಪ್ಯಾನರು ಹಿಂದಕ್ಕೆ ಹಾರಿಬರುತ್ತಿತ್ತು. ಈಗ ಹದಿನಾಲ್ಕು ವರ್ಷ ತುಂಬದ ಮಗುವನ್ನು ಕೆಲಸಕ್ಕಿಡುವುದು ಅಪರಾಧ, ಅಪರಾಧವಾಗಿರುವುದೇ ಸರಿ. ಆದರೆ ಆ ಮೇಸ್ತ್ರಿ ಎಂಜಿನ್ನಿನ ಸದ್ದನ್ನು ಕೇಳಿಯೇ ಕಾಯಿಲೆ ಹೇಳುತ್ತಾನೆ. ಈ ಎರಡು ಮಾತೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಭಾಷಣಗಳು ನನಗೆ ಒಗ್ಗುವುದಿಲ್ಲ.

ಸರಕಾರ ಹೇಳಿದಂತೆ ಸಂಬಳ ಕೊಟ್ಟು ಕಲಿಸಬೇಕು ಎಂಬ ಸುದ್ದಿ ತಿಳಿದಾಗ ಈ ಮೇಸ್ತ್ರಿಗೆ ಕೋಪ ಬಂತು. ‘ನನಗೆ ಯಾರು ಸಾರ್ ಕಾಸು ಕೊಟ್ಟು ಕಲಿಸಿದ್ದು? ಒದೆ ಕೊಟ್ಟು ಕಲಿಸಿದರು!’ ಎಂದ. ಅದರಲ್ಲಿ ಹೊಟ್ಟೆಕಿಚ್ಚು ಸ್ವಲ್ಪ, ನೋವು ಹೆಚ್ಚು ಇತ್ತು.

ಲೆಕ್ಕವೂ ಮೇಸ್ತ್ರಿಯ ಕಡೆಗೇ ಇತ್ತು. 2019ರ ನಿಯಮದಂತೆ ಐ.ಟಿ.ಐ. ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ವೇತನ. 2016ರಲ್ಲಿ ಶುರುವಾದ ಕೇಂದ್ರದ ಪ್ರೋತ್ಸಾಹ ಯೋಜನೆ ಅದರ ಕಾಲುಭಾಗವನ್ನು, 1,500 ರೂಪಾಯಿಗೆ ಮೀರದಂತೆ, ತುಂಬಿಕೊಡುತ್ತಿತ್ತು. ಉಳಿದ 5,500 ಮಾವನ ಕಿಸೆಯಿಂದ, ವರ್ಷಕ್ಕೆ 66,000. ಶಿಶಿಕ್ಷುವನ್ನು ಇಟ್ಟುಕೊಳ್ಳದಿದ್ದರೆ? ಮೊದಲು ಈ ಕಾಯಿದೆಯಲ್ಲಿ ಆರು ತಿಂಗಳ ಸೆರೆಮನೆಯ ಮಾತಿತ್ತು. 2014ರ ತಿದ್ದುಪಡಿ ಅದನ್ನು ತೆಗೆದು ದಂಡವನ್ನು ಮಾತ್ರ ಉಳಿಸಿತು. ಒಬ್ಬ ಕಡಿಮೆಯಾದರೆ ಮೊದಲ ಮೂರು ತಿಂಗಳು ತಿಂಗಳಿಗೆ 500, ಆಮೇಲೆ 1,000. ವರ್ಷಕ್ಕೆ 10,500. ಗುತ್ತಿಗೆಯವರಲ್ಲಿ ನಾಲ್ವರನ್ನು ಬಿಟ್ಟು ಇಪ್ಪತ್ತೊಂಬತ್ತಕ್ಕೆ ಇಳಿದರೆ ಅದೂ ಇಲ್ಲ. ಆಡಿಟರು ಈ ಮೂರು ದಾರಿಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಕಾನೂನು ಪಾಲಿಸುವುದಕ್ಕಿಂತ ಮುರಿಯುವುದು ಆರು ಪಾಲು ಅಗ್ಗ ಎಂಬುದನ್ನು ಓದಲು ಎಂ.ಎ. ಬೇಕಾಗಿರಲಿಲ್ಲ.

ಬೇರೆ ದೇಶಗಳಲ್ಲಿ ಇದನ್ನು ಇನ್ನೊಂದು ರೀತಿ ಮಾಡಿದ್ದಾರೆ. ಬ್ರಿಟನ್ನಿನವರು 1964ರ ಕಾಯಿದೆಯಿಂದ ಕೈಗಾರಿಕೆಗಳ ಮೇಲೆ ತರಬೇತಿಗಾಗಿಯೇ ಒಂದು ಸುಂಕವನ್ನು ಹಾಕಿದರು. 2017ರಲ್ಲಿ ಮತ್ತೆ, ವರ್ಷಕ್ಕೆ ಮೂವತ್ತು ಲಕ್ಷ ಪೌಂಡಿಗೆ ಮೀರಿ ಸಂಬಳ ಹಂಚುವ ಸಂಸ್ಥೆಗಳಿಂದ ಸಂಬಳದ ಮೊತ್ತದಲ್ಲಿ ನೂರಕ್ಕೆ ಅರ್ಧದಷ್ಟನ್ನು ತೆಗೆದುಕೊಳ್ಳತೊಡಗಿದರು. ಸಿಂಗಪುರದಲ್ಲಿ 1979ರಿಂದಲೇ ಇಂಥ ಸುಂಕವುಂಟು. ಹಣ ಎಲ್ಲರಿಂದಲೂ ಬರುತ್ತದೆ, ಕಲಿಸುವವನಿಗೆ ಹೋಗುತ್ತದೆ. ಇದರ ಹಿಂದಿನ ನ್ಯಾಯ ಸರಳವಾದುದು. ಒಬ್ಬ ಖರ್ಚುಮಾಡಿ ಕಲಿಸುತ್ತಾನೆ. ಕಲಿತವನನ್ನು ಪಕ್ಕದವನು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕರೆದುಕೊಂಡು ಹೋಗುತ್ತಾನೆ. ಹೀಗಾದರೆ ಮುಂದೆ ಯಾವನೂ ಕಲಿಸುವುದಿಲ್ಲ. ಆದ್ದರಿಂದ ಪಕ್ಕದವನೂ ಪಾಲು ಕೊಡಲಿ. ನಮ್ಮ ದೇಶದ ಕಾಯಿದೆ ಹಣ ಕೇಳಲಿಲ್ಲ. ನಿನ್ನ ಶೆಡ್ಡಿನಲ್ಲಿ ಒಬ್ಬನಿಗೆ ಜಾಗ ಕೊಡು ಎಂದು ಕೇಳಿತು. ಕೈಬಿಡದೆ ಕೇಳಿತೇ ಎಂಬುದು ಬೇರೆ ಮಾತು.

ಕರಾರುಪತ್ರವನ್ನು ಓದುತ್ತಿದ್ದಾಗ ನನ್ನ ಕಣ್ಣು ಒಂದು ಕಡೆ ನಿಂತಿತು. ಕಾಯಿದೆಯ ಹದಿನೆಂಟನೆಯ ಕಲಮು ಹೇಳುತ್ತದೆ: ಶಿಶಿಕ್ಷು ಎಂದರೆ ಕಲಿಯುವವನೇ ಹೊರತು ಕೆಲಸಗಾರನಲ್ಲ; ಕಾರ್ಮಿಕರ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಭವಿಷ್ಯನಿಧಿ ಇಲ್ಲ. ಕಲಿತು ಮುಗಿದ ಮೇಲೆ ಕೆಲಸ ಕೊಡಬೇಕೆಂಬ ಕಟ್ಟುಪಾಡೂ ಮಾಲೀಕನಿಗೆ ಇಲ್ಲ. ಉಳಿದೆಲ್ಲ ಸಮನಾಗಿದ್ದರೆ ಕಲಿತವನಿಗೆ ಮೊದಲ ಆದ್ಯತೆ ಇರಲಿ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಅಷ್ಟೆ. ಯಂತ್ರಕ್ಕೆ ಕೈ ಸಿಕ್ಕರೆ ಪರಿಹಾರವುಂಟು, ಅದೊಂದು ಪುಣ್ಯ. ಯಂತ್ರಕ್ಕೆ ಮಾತ್ರ ಈ ಭೇದ ಗೊತ್ತಿಲ್ಲ ನೋಡಿ. ಕಲಿಯುವವನ ಬೆರಳನ್ನೂ ದುಡಿಯುವವನ ಬೆರಳನ್ನೂ ಒಂದೇ ರೀತಿ ಕತ್ತರಿಸುತ್ತದೆ.

ಈ ಕಲಮನ್ನು ಓದಿದಾಗ ನನಗೆ ಅದರ ದನಿ ಪರಿಚಿತವೆನ್ನಿಸಿತು. ಕಾಯಮ್ಮಾಗುವ ಮೊದಲು ಏಳು ವರ್ಷ ನಾನು ‘ಅತಿಥಿ ಉಪನ್ಯಾಸಕ’ನಾಗಿದ್ದೆ. ಅತಿಥಿ ಎಂದರೆ ನಮ್ಮಲ್ಲಿ ದೇವರ ಸಮಾನ. ದೇವರಿಗೆ ಸಂಬಳ ಕೊಡುವ ಪದ್ಧತಿ ಇಲ್ಲವಾದ್ದರಿಂದ ಗೌರವಧನ ಬರುತ್ತಿತ್ತು. ಅದೂ ಮೂರು ತಿಂಗಳಿಗೋ ಐದು ತಿಂಗಳಿಗೋ ಒಮ್ಮೆ, ನೈವೇದ್ಯದಂತೆ. ರಜೆಯಲ್ಲಿ ಅದೂ ಇಲ್ಲ. ಕಾಯಮ್ಮಿನವರು ಮಾಡುವ ಪಾಠವನ್ನೇ ಮಾಡುತ್ತಿದ್ದೆ, ಅವರು ತಿದ್ದುವ ಉತ್ತರಪತ್ರಿಕೆಯನ್ನೇ ತಿದ್ದುತ್ತಿದ್ದೆ. ಕಾಗದದಲ್ಲಿ ಮಾತ್ರ ನಾನು ಬೇರೆ ಜಾತಿಯ ಪ್ರಾಣಿ. ಹೆಸರು ಚೆನ್ನಾಗಿಟ್ಟುಬಿಟ್ಟರೆ ಅರ್ಧ ಸಂಬಳ ಉಳಿಯುತ್ತದೆ ಎಂಬ ಗುಟ್ಟನ್ನು ನಾನು ಕಲಿತದ್ದು ಅಲ್ಲಿ. ಅದಕ್ಕೇ ಮಾವನಿಗೆ ಹೇಳಿದೆ: ‘ಮಾವ, ಶಿಶಿಕ್ಷು ಅಂದರೆ ಬುಭುಕ್ಷುವೂ ಹೌದು. ಕಲಿಯೋಕೆ ಬಂದವರಿಗೂ ಮಧ್ಯಾಹ್ನ ಹೊಟ್ಟೆ ಹಸಿಯುತ್ತೆ.’ ಮಾವ ಪಂಡಿತರಲ್ಲ. ಆದರೂ ಅರ್ಥವಾಯಿತು. ಊಟ ಕಾರ್ಖಾನೆಯ ಲೆಕ್ಕದಲ್ಲಿ ಎಂದು ಬರೆದುಕೊಂಡರು. ಕಲಿಸುವ ನೆವದಲ್ಲಿ ಅಗ್ಗದ ಆಳನ್ನು ಇಟ್ಟುಕೊಂಡು, ವರ್ಷ ತಿರುಗಿದೊಡನೆ ಅವನನ್ನು ಕಳಿಸಿ ಇನ್ನೊಬ್ಬನನ್ನು ತರುವವರು ಇದ್ದಾರೆ ಎಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು.

ಆಡಿಟರ ಚೀಟಿಯನ್ನು ಏನು ಮಾಡಿದರೋ ನಾನು ಕೇಳಲಿಲ್ಲ. ಒಬ್ಬಳನ್ನು ಸೇರಿಸಿಕೊಂಡರು. ಹೌದು, ಒಬ್ಬಳನ್ನು. ಮಾಲೂರಿನ ಕಡೆಯ ಹುಡುಗಿ, ಐ.ಟಿ.ಐ.ಯಲ್ಲಿ ಮಷಿನಿಸ್ಟ್ ಓದಿದವಳು. ಬೆಳಗಿನ ರೈಲಿನಲ್ಲಿ ಬಂದು ಕೆ.ಆರ್. ಪುರದಲ್ಲಿ ಇಳಿದು, ಟಿನ್ ಫ್ಯಾಕ್ಟರಿಯ ಜನಜಾತ್ರೆಯನ್ನು ದಾಟಿಕೊಂಡು ಬರುತ್ತಿದ್ದಳು. ಮೇಸ್ತ್ರಿ ಮೊದಲ ವಾರ ಅವಳೊಡನೆ ಮಾತಾಡಲಿಲ್ಲ. ಮಾವನೇ ಒಂದು ಕಬ್ಬಿಣದ ತುಂಡನ್ನೂ ಅರವನ್ನೂ ಕೊಟ್ಟರು. ಕಂಪ್ಯೂಟರ್ ಯಂತ್ರ ಎರಡು ನಿಮಿಷದಲ್ಲಿ ಮಾಡುವುದನ್ನು ಕೈಯಿಂದ ಏಕೆ ಮಾಡಬೇಕು ಎಂದು ಆಕೆ ಕೇಳಿದಳಂತೆ. ‘ಯಂತ್ರ ತಪ್ಪು ಮಾಡಿದಾಗ ನಿನ್ನ ಕೈಗೆ ಗೊತ್ತಾಗಬೇಕಮ್ಮ, ಅದಕ್ಕೆ’ ಎಂದರಂತೆ ಮಾವ. ಹನ್ನೆರಡನೆಯ ದಿನ ಆ ತುಂಡನ್ನು ಮೇಸ್ತ್ರಿ ಬೆಂಚಿನಿಂದ ಎತ್ತಿಕೊಂಡು ಮೂಲೆಮಟ್ಟವಿಟ್ಟು ಬಾಗಿಲ ಬೆಳಕಿಗೆ ಹಿಡಿದ. ಎರಡು ಮೈ ಸರಿಯಾಗಿತ್ತು. ಮೂರನೆಯದರಲ್ಲಿ ಕೂದಲೆಳೆಯಷ್ಟು ಬೆಳಕು. ‘ಇಲ್ಲಿ ಒತ್ತು ಜಾಸ್ತಿ ಆಗಿದೆ. ಭುಜದಿಂದ ತಳ್ಳಬೇಕು, ಮಣಿಕಟ್ಟಿನಿಂದ ಅಲ್ಲ’ ಎಂದು ಹೇಳಿ, ಅರ ಹಿಡಿದು ತೋರಿಸಿದ. ಅಂದಿನಿಂದ ಕಲಿಸಿದವನು ಅವನೇ. ಸ್ಪ್ಯಾನರು ಒಮ್ಮೆಯೂ ಹಾರಲಿಲ್ಲ. ಬೈಗುಳ ಬಾಯಿಯ ತನಕ ಬಂದು ನುಂಗಿಕೊಳ್ಳುತ್ತಿದ್ದುದನ್ನು ಕಂಡವರಿದ್ದಾರೆ.

ಅವಧಿ ಮುಗಿದು, ಪರೀಕ್ಷೆಯಾಗಿ, ಪ್ರಮಾಣಪತ್ರ ಬಂತು. ಮಾವ ಅವಳಿಗೆ ಕೆಲಸ ಕೊಡುತ್ತೇನೆಂದರು. ಆದರೆ ಅಷ್ಟರಲ್ಲಿ ನರಸಾಪುರದ ಕಡೆಯ ಒಂದು ದೊಡ್ಡ ಕಾರ್ಖಾನೆಯವರು ಹೆಚ್ಚು ಸಂಬಳಕ್ಕೆ ಕರೆದರು. ಅದು ಅವಳ ಊರಿಗೆ ಹತ್ತಿರ ಕೂಡ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ. ಅತ್ತೆಗೆ ಕುಂಕುಮ ಕೊಟ್ಟು, ಮೇಸ್ತ್ರಿಯ ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ಬ್ರಿಟನ್ನಿನವರೂ ಸಿಂಗಪುರದವರೂ ಸುಂಕ ಹಾಕಿ ತಡೆಯಹೊರಟದ್ದು ನಮ್ಮ ಮಾವನ ಶೆಡ್ಡಿನಲ್ಲಿ ಚಾಚೂ ತಪ್ಪದೆ ನಡೆಯಿತು. ಖರ್ಚು ಇಲ್ಲಿ, ಫಲ ಅಲ್ಲಿ.

ಮೇಸ್ತ್ರಿ ಎರಡು ದಿನ ಮಂಕಾಗಿದ್ದ. ‘ನಾನು ಹೇಳಲಿಲ್ಲವಾ ಸಾರ್?’ ಎಂದ. ಮಾವ ಹೇಳಿದ್ದು ಇಷ್ಟೆ: ‘ನಾನು ಕಲಿತ ಕಡೆಯಲ್ಲೇ ಉಳಿದಿದ್ದರೆ ನೀನು ಎಲ್ಲಿರ್ತಿದ್ದೆ ಹೇಳು. ನೀನು ಶಿವಾಜಿನಗರದಲ್ಲೇ ಇದ್ದಿದ್ದರೆ ಆ ಹುಡುಗಿಗೆ ಯಾರು ಕಲಿಸ್ತಿದ್ದರು?’

ನಮ್ಮ ಹಿರಿಯರು ಮನುಷ್ಯ ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆ ಎಂದರು. ಅದರಲ್ಲಿ ಋಷಿಋಣವೆಂಬುದು ವಿಚಿತ್ರವಾದದ್ದು. ಕೊಟ್ಟವನಿಗೆ ಹಿಂದಿರುಗಿಸಿ ತೀರಿಸುವ ಸಾಲವಲ್ಲ ಅದು. ಕಲಿತದ್ದನ್ನು ಮುಂದಿನವನಿಗೆ ಮುಟ್ಟಿಸಿದಾಗ ಮಾತ್ರ ತೀರುವಂಥದು. ಬಾಕಿ ಉಳಿಸಿಕೊಂಡವನಿಗೆ ತಿಂಗಳಿಗೆ ಇಷ್ಟೆಂದು ದಂಡ ಹಾಕುವ ವ್ಯವಸ್ಥೆ ಅದರಲ್ಲಿ ಇಲ್ಲ. ಆದ್ದರಿಂದಲೇ ಸರಕಾರಕ್ಕೆ ಕಾಯಿದೆ ಮಾಡಬೇಕಾಯಿತು. ಕಾಯಿದೆ ಬಾಗಿಲನ್ನು ತೆರೆಸಬಲ್ಲದು, ಅದು ಸಣ್ಣ ಕೆಲಸವಲ್ಲ. ಅದು ಇಲ್ಲದಿದ್ದರೆ ಆ ಹುಡುಗಿ ಆ ಶೆಡ್ಡಿನೊಳಕ್ಕೆ ಕಾಲಿಡುತ್ತಿರಲಿಲ್ಲ. ಭುಜದಿಂದ ತಳ್ಳು, ಮಣಿಕಟ್ಟಿನಿಂದ ಅಲ್ಲ ಎಂಬ ಮಾತನ್ನು ಮೇಸ್ತ್ರಿಯ ಬಾಯಿಂದ ಹೊರಡಿಸುವ ಕಲಮು ಮಾತ್ರ ಅದರಲ್ಲಿ ನನಗೆ ಸಿಕ್ಕಲಿಲ್ಲ.

ಮೊನ್ನೆ ಮಾವನಿಂದ ಫೋನು ಬಂತು. ‘ಆ ಸರಕಾರದ ತೆರೆಗೆ ಪಾಸ್‌ವರ್ಡು ಏನಿಟ್ಟಿದ್ದೆಯೋ? ಈ ಸಲ ಇಬ್ಬರು ಬೇಕಂತೆ.’

‘ಜನ ಹೆಚ್ಚಾದರೇ ಮಾವ? ಕಾಯಿದೆ ಪ್ರಕಾರ ಒಬ್ಬರು ಸಾಕಲ್ಲ?’

‘ಕಾಯಿದೆಗೆ ಸಾಕು ಕಣೋ. ಮೇಸ್ತ್ರಿಗೆ ಸಾಲದಂತೆ.’